ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೇಡ

ಹಲ್ಲುನೋವು ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಮೊಣಕಾಲು ನೋವೆಂದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಒಂದು ಎಣ್ಣೆಯ ಹೆಸರು ಹೇಳುತ್ತಾರೆ. ಆದರೆ ಗುದದ್ವಾರದ ಸುತ್ತ, ಮೂತ್ರದ್ವಾರದ ಬಳಿ, ಗುಪ್ತಾಂಗದಲ್ಲಿ ತಿಂಗಳುಗಟ್ಟಲೆ ಉರಿಯುವ ನೋವನ್ನು ಗಂಡ ಹೆಂಡತಿಗೆ ಹೇಳುವುದಿಲ್ಲ, ಮಗಳು ತಾಯಿಗೆ ಹೇಳುವುದಿಲ್ಲ. ಸಹಿಸಿ ಸಹಿಸಿ ಸಾಕಾದ ಮೇಲೆ ಸದ್ದಿಲ್ಲದೆ ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದಾಟ ಶುರುವಾಗುತ್ತದೆ. ಗಂಡಸಾದರೆ ಮೂಲವ್ಯಾಧಿಯ ಬೋರ್ಡು ಹಾಕಿದ ಅಂಗಡಿಯಿಂದ ಆರಂಭ. ಹೆಂಗಸಾದರೆ ಬಿಳಿಸೆರಗಿನ ಮಾತ್ರೆಯಿಂದ ಆರಂಭವಾಗಿ, ಅನೇಕ ವೇಳೆ ಗರ್ಭಚೀಲ ತೆಗೆಸುವಲ್ಲಿಗೆ ಮುಗಿಯುತ್ತದೆ. ಮುಗಿಯುತ್ತದೆ ಎನ್ನುವುದೂ ತಪ್ಪು. ಗರ್ಭಚೀಲ ಹೋದ ಮೇಲೂ ಆ ಉರಿ ಇದ್ದಲ್ಲೇ ಇರುವುದುಂಟು.

ಇಂಥ ನೋವಿಗೆ ಕತ್ತಿ ಎತ್ತುವ ಮುನ್ನ ಮಾಡಬೇಕಾದ ಒಂದು ಸಣ್ಣ ಪರೀಕ್ಷೆ ಇದೆ. ಸಂಶಯವಿರುವ ನರದ ಬುಡಕ್ಕೆ ಮರಗಟ್ಟಿಸುವ ಮದ್ದನ್ನು ಸೂಜಿಯಲ್ಲಿ ಕೊಟ್ಟು, ನೋವು ಹೋಗುತ್ತದೆಯೇ ಇಲ್ಲವೇ ಎಂದು ನೋಡುವುದು. ವೈದ್ಯರು ಇದನ್ನು ನರ್ವ್ ಬ್ಲಾಕ್ ಎನ್ನುತ್ತಾರೆ. ಈ ಪರೀಕ್ಷೆಯನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ, ಅದನ್ನು ಒದಗಿಸುವ ಹೊಣೆ ನಮ್ಮ ಆಸ್ಪತ್ರೆಗಳಿಗಿದೆ ಎಂಬುದೇ ಈ ವಾರದ ಮಾತು.

ನಾಚಿಕೆಯ ಹೆಸರಿನ ನರ

ಬೆನ್ನುಹುರಿಯ ಕೆಳತುದಿಯಲ್ಲಿ, ತ್ರಿಕಾಸ್ಥಿಯ ಎರಡು, ಮೂರು ಮತ್ತು ನಾಲ್ಕನೆಯ ರಂಧ್ರಗಳಿಂದ ಹೊರಬರುವ ಎಳೆಗಳು ಕೂಡಿ ಒಂದು ನರವಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಇದರ ಹೆಸರು ಪುಡೆಂಡಲ್ ನರ. ಲ್ಯಾಟಿನ್ ಮೂಲದ ಈ ಪದಕ್ಕೆ ‘ನಾಚಬೇಕಾದ ಭಾಗದ್ದು’ ಎಂದು ಅರ್ಥ. ಹೆಸರಿಟ್ಟವರೇ ನಾಚಿದ ಮೇಲೆ ನಮ್ಮ ಹಳ್ಳಿಯ ಹೆಣ್ಣುಮಗಳು ನಾಚಿದರೆ ಏನು ತಪ್ಪು?

ಈ ನರ ಪೃಷ್ಠದ ಆಳದಲ್ಲಿ ಎರಡು ಗಟ್ಟಿ ಕಟ್ಟುಗಳ ನಡುವೆ ನುಸುಳಿ, ನಾವು ಕೂರುವಾಗ ನೆಲಕ್ಕೆ ಊರುವ ಮೂಳೆಯ ಒಳಬದಿಯ ಕಿರಿದಾದ ಕಾಲುವೆಯಲ್ಲಿ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಐರಿಷ್ ಅಂಗರಚನಾ ತಜ್ಞ ಬೆಂಜಮಿನ್ ಆಲ್ಕಾಕ್ ಹೆಸರಿನಿಂದ ಅದನ್ನು ಆಲ್ಕಾಕ್ ಕಾಲುವೆ ಎನ್ನುತ್ತಾರೆ. ಮುಂದೆ ನರ ಕವಲೊಡೆದು ಗುದದ್ವಾರ, ಜನನಾಂಗ ಮತ್ತು ಅವೆರಡರ ನಡುವಿನ ಭಾಗಕ್ಕೆ ಸ್ಪರ್ಶಜ್ಞಾನ ಕೊಡುತ್ತದೆ. ಮಲಮೂತ್ರ ತಡೆಹಿಡಿಯುವ ಸ್ನಾಯುಗಳಿಗೂ ಇದರದೇ ಅಪ್ಪಣೆ.

ಆ ಎರಡು ಕಟ್ಟುಗಳ ನಡುವೆ ಅಥವಾ ಕಾಲುವೆಯೊಳಗೆ ನರ ಒತ್ತಿಕೊಂಡರೆ ನೋವು ಹುಟ್ಟುತ್ತದೆ. ದಿನಗಟ್ಟಲೆ ಸೈಕಲ್ ತುಳಿಯುವವರಲ್ಲಿ ಈ ಬಾಧೆಯನ್ನು ೧೯೮೭ರಲ್ಲಿ ಫ್ರಾನ್ಸಿನ ವೈದ್ಯರು ವರ್ಣಿಸಿದರು. ಕಷ್ಟದ ಹೆರಿಗೆ, ಬಿದ್ದ ಪೆಟ್ಟು, ಆ ಭಾಗದ ಶಸ್ತ್ರಕ್ರಿಯೆ ಕೂಡ ಕಾರಣವಾಗಬಹುದು. ಎಷ್ಟೋ ಮಂದಿಯಲ್ಲಿ ಕಾರಣ ಸಿಗುವುದೇ ಇಲ್ಲ.

ಕೂತರೆ ನೋವು, ನಿಂತರೆ ಹಿತ

ಈ ನೋವಿಗೆ ಒಂದು ನಡತೆ ಇದೆ. ಕೂತರೆ ಹೆಚ್ಚುತ್ತದೆ; ಎದ್ದು ನಿಂತರೆ, ಮಲಗಿದರೆ ಇಳಿಯುತ್ತದೆ. ಕಮೋಡಿನ ಮೇಲೆ ಕೂತಾಗ ಹಿತವೆನಿಸುವುದುಂಟು, ಏಕೆಂದರೆ ಅಲ್ಲಿ ನಡುಭಾಗಕ್ಕೆ ಒತ್ತಡ ಬೀಳುವುದಿಲ್ಲ. ಬೆಳಿಗ್ಗೆ ಕಡಿಮೆಯಿದ್ದದ್ದು ಸಂಜೆಯ ಹೊತ್ತಿಗೆ ಏರುತ್ತದೆ. ಒಳಗೆ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ. ಆದರೆ ನಿದ್ದೆ ಬಂದ ಮೇಲೆ ನೋವು ಎಬ್ಬಿಸುವುದಿಲ್ಲ.

ಈಗ ನಮ್ಮ ಜಿಲ್ಲೆಯ ದುಡಿಮೆಯನ್ನು ನೆನೆಯಿರಿ. ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಕೂತವರು ಗಂಟೆಗಟ್ಟಲೆ ಏಳುವುದಿಲ್ಲ. ಹೊನ್ನಾಳಿಯ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ ಸೀಟೇ ಮನೆ. ಜಗಳೂರಿನಲ್ಲಿ ಈರುಳ್ಳಿ ಹಸನು ಮಾಡುವ ಕೆಲಸವೂ ಕೂತೇ ಆಗಬೇಕು. ನ್ಯಾಮತಿ ಸುತ್ತಲ ತಾಂಡಾಗಳಲ್ಲಿ ಕಸೂತಿಗೆ ಕೂತ ಹೆಣ್ಣುಮಗಳ ಸ್ಥಿತಿಯೂ ಅದೇ. ಇವರಿಗೆಲ್ಲ ಈ ಕಾಯಿಲೆ ಇದೆ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಕೂತು ದುಡಿಯುವವರಿಗೆ ಕೂರಲಾಗದ ನೋವು ಬಂದರೆ ಅದು ಅನ್ನದ ಪ್ರಶ್ನೆ. ‘ಅಮ್ಮಾ, ಎಷ್ಟು ಹೊತ್ತು ಕೂರೋಕಾಗುತ್ತೆ? ರಾತ್ರಿ ನೋವು ಎಬ್ಬಿಸುತ್ತಾ?’ ಎಂಬ ಎರಡು ಪ್ರಶ್ನೆ ಕೇಳಲು ಯಾವ ಯಂತ್ರವೂ ಬೇಡ. ಆ ಎರಡು ಪ್ರಶ್ನೆ ಕೇಳದೆ ಸ್ಕ್ಯಾನಿಂಗಿಗೆ ಚೀಟಿ ಬರೆಯುವುದೇ ಇಂದಿನ ಕಷ್ಟ.

ಫ್ರಾನ್ಸಿನ ನಾಂತ್ ನಗರದ ವೈದ್ಯರು ೨೦೦೮ರಲ್ಲಿ ಈ ರೋಗ ಗುರುತಿಸಲು ಐದು ಲಕ್ಷಣಗಳನ್ನು ಪಟ್ಟಿ ಮಾಡಿ ಪ್ರಕಟಿಸಿದರು. ನೋವು ಆ ನರದ ಹರವಿನಲ್ಲೇ ಇರಬೇಕು; ಕೂತಾಗ ಮುಖ್ಯವಾಗಿ ಹೆಚ್ಚಬೇಕು; ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು; ಪರೀಕ್ಷಿಸಿದಾಗ ಚರ್ಮದ ಸ್ಪರ್ಶಜ್ಞಾನ ಹೋಗಿರಬಾರದು; ಮತ್ತು ನರವನ್ನು ಮದ್ದಿನಿಂದ ಮರಗಟ್ಟಿಸಿದಾಗ ನೋವು ಇಳಿಯಬೇಕು. ಮೊದಲ ನಾಲ್ಕು ಕೇಳಿ, ಮುಟ್ಟಿ ತಿಳಿಯುವಂಥವು. ಐದನೆಯದೇ ನಾವು ಹೇಳುತ್ತಿರುವ ಪರೀಕ್ಷೆ.

ತೂಬು ಮುಚ್ಚಿ ನೋಡುವ ಉಪಾಯ

ಸೂಳೆಕೆರೆಯ ನೀರು ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ಹರಿಯುವುದು ಚನ್ನಗಿರಿಯವರಿಗೆ ಗೊತ್ತು. ತೋಟದಲ್ಲಿ ಬೇಡದ ನೀರು ನಿಂತರೆ ಜಾಣ ರೈತ ಮೊದಲು ಮರ ಕಡಿಯುವುದಿಲ್ಲ. ಒಂದು ಕಡೆಯ ತೂಬು ಮುಚ್ಚಿ, ನೀರು ಇಳಿಯುತ್ತದೆಯೇ ಎಂದು ಕಾಯುತ್ತಾನೆ. ಇಳಿದರೆ ಆ ದಾರಿಯ ನೀರೆಂದು ಗೊತ್ತಾಯಿತು. ಇಳಿಯದಿದ್ದರೆ ಇನ್ನೊಂದು ದಾರಿ ಹುಡುಕಬೇಕು.

ನರ್ವ್ ಬ್ಲಾಕ್ ಕೂಡ ಹೀಗೆಯೇ. ಇಲ್ಲಿ ಬಳಸುವ ಲಿಗ್ನೋಕೇನ್ ಹಲ್ಲು ಕೀಳುವಾಗ ವಸಡಿಗೆ ಕೊಡುವ ಅದೇ ಮದ್ದು. ಸ್ವೀಡನ್ನಿನಲ್ಲಿ ೧೯೪೩ರಲ್ಲಿ ತಯಾರಾಗಿ ೧೯೪೮ರಿಂದ ಮಾರುಕಟ್ಟೆಯಲ್ಲಿರುವ, ದುಬಾರಿಯಲ್ಲದ ಔಷಧಿ. ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡಬೇಕೆಂದರೆ ಬುಪಿವಕೇನ್ ಇದೆ. ಪುಡೆಂಡಲ್ ನರವನ್ನು ಮರಗಟ್ಟಿಸುವುದೂ ಹೊಸ ವಿದ್ಯೆಯಲ್ಲ. ಹೆರಿಗೆ ವೈದ್ಯರು ಹೆರಿಗೆಯ ಕೊನೆಯ ಘಟ್ಟದ ನೋವಿಗೆ ಇದನ್ನು ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಹೊಸದೆಂದರೆ, ಅಲ್ಟ್ರಾಸೌಂಡ್, ಎಕ್ಸ್‌ರೇ ಪರದೆ ಅಥವಾ ಸಿ.ಟಿ. ನೆರವಿನಿಂದ ಸೂಜಿಯ ತುದಿಯನ್ನು ಕಣ್ಣಾರೆ ನೋಡುತ್ತ, ಸ್ವಲ್ಪವೇ ಮದ್ದನ್ನು ಸರಿಯಾದ ಜಾಗಕ್ಕೆ ಬಿಡುವುದು.

ಪರೀಕ್ಷೆಯ ಅರ್ಧ ಕೆಲಸ ವೈದ್ಯರದು, ಉಳಿದರ್ಧ ರೋಗಿಯದು. ಸೂಜಿಗೆ ಮುನ್ನ ನೋವು ಬರುವಷ್ಟು ಹೊತ್ತು ಕೂತಿರಬೇಕು. ನೋವೇ ಇಲ್ಲದ ಹೊತ್ತಿನಲ್ಲಿ ಮದ್ದು ಕೊಟ್ಟರೆ ಇಳಿಯುವುದೇನು? ಹತ್ತರಲ್ಲಿ ಎಷ್ಟು ನೋವು ಎಂದು ಮೊದಲೇ ಬರೆದಿಡಬೇಕು. ಸೂಜಿಯಾದ ಮೇಲೆ ಆ ಭಾಗ ಜೋಮು ಹಿಡಿದಿದೆಯೇ ಎಂದು ವೈದ್ಯರು ನೋಡುತ್ತಾರೆ. ಆಮೇಲೆ ರೋಗಿ ಮತ್ತೆ ಕೂರಬೇಕು. ಅರ್ಧ ಗಂಟೆಗೊಮ್ಮೆ ನೋವಿನ ಅಂಕ, ಗಂಟೆ ಎರಡನ್ನೂ ಬರೆಯಬೇಕು. ಬರೆಯಲು ಬಾರದ ಅಜ್ಜಿಯಾದರೆ ಮೊಮ್ಮಗಳು ಕೇಳಿ ಬರೆದುಕೊಂಡರಾಯಿತು. ಮದ್ದಿನ ಕಾವು ಮುಗಿದು ನೋವು ಮರಳಿದ್ದು ಯಾವಾಗ ಎಂಬುದೂ ಮುಖ್ಯ. ಮದ್ದು ಕೆಲಸ ಮಾಡುವ ಹೊತ್ತಿಗೂ ನೋವು ಇಳಿದ ಹೊತ್ತಿಗೂ ತಾಳೆಯಾದರೆ ಮಾತಿಗೆ ತೂಕ ಬರುತ್ತದೆ. ‘ಸೂಜಿ ಹಾಕಿದ್ರು, ನೋವು ವಾಪಸ್ ಬಂತು, ದುಡ್ಡು ದಂಡ’ ಎಂದು ಹಲವರು ಬೇಸರಿಸುತ್ತಾರೆ. ಈ ಸೂಜಿಯನ್ನು ಗುಣಪಡಿಸಲೆಂದು ಕೊಟ್ಟದ್ದಲ್ಲ, ಕಂಡುಹಿಡಿಯಲೆಂದು ಕೊಟ್ಟದ್ದು ಎಂದು ಮೊದಲೇ ತಿಳಿಹೇಳಿದ್ದರೆ ಆ ಬೇಸರವಿರುವುದಿಲ್ಲ.

ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಕೆಲವು ಗಂಟೆ ಕಾಲು ಮರಗಟ್ಟಬಹುದು, ಮೂತ್ರ ಹೊಯ್ಯಲು ತಡವಾಗಬಹುದು, ರಕ್ತಸ್ರಾವ ಅಥವಾ ಸೋಂಕು ಆಗಬಹುದು. ಮದ್ದು ರಕ್ತನಾಳಕ್ಕೆ ಸೇರಿದರೆ ಗಂಭೀರ ತೊಂದರೆಯೂ ಉಂಟು. ಅದಕ್ಕೇ ತುರ್ತು ವ್ಯವಸ್ಥೆಯಿರುವ ಆಸ್ಪತ್ರೆಯಲ್ಲೇ ಮಾಡಿಸಬೇಕು. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ, ಔಷಧಿಯ ಅಲರ್ಜಿ, ಗರ್ಭಧಾರಣೆ ಇವನ್ನು ಮುಂಚೆಯೇ ಹೇಳಿ. ಜೊತೆಗೊಬ್ಬರು ಇರಲಿ; ಆ ದಿನ ಬೈಕ್ ಓಡಿಸಿಕೊಂಡು ಊರಿಗೆ ಮರಳುವ ಸಾಹಸ ಬೇಡ.

ಸೂಜಿಯೇ ನ್ಯಾಯಾಧೀಶನಲ್ಲ

ಈ ಪರೀಕ್ಷೆಯನ್ನು ಹೊಗಳುವವರು ಅದರ ಮಿತಿಯನ್ನೂ ಹೇಳಬೇಕು. ಮದ್ದು ಪಕ್ಕದ ನರಕ್ಕೆ ಹರಡಿದರೆ ಬೇರೆ ನರದ ನೋವೂ ಇಳಿದು ದಾರಿ ತಪ್ಪಿಸುತ್ತದೆ. ಸೂಜಿ ಹಾಕಿದ್ದಾರೆಂಬ ನಂಬಿಕೆಯಿಂದಲೇ ಕೆಲವರಿಗೆ ಹಿತವಾಗುತ್ತದೆ. ಅದು ಸುಳ್ಳಲ್ಲ, ಮನುಷ್ಯ ಸ್ವಭಾವ. ಇತ್ತ ಸೂಜಿ ಸರಿಯಾದ ಜಾಗಕ್ಕೆ ಬೀಳದಿದ್ದರೆ ನಿಜವಾದ ರೋಗವೂ ‘ಇಲ್ಲ’ ಎಂದು ಬರುತ್ತದೆ. ನರದ ದಾರಿಯಲ್ಲಿ ಗೆಡ್ಡೆಯಿದ್ದು ನೋಯುತ್ತಿದ್ದರೂ ಮದ್ದಿಗೆ ನೋವು ಇಳಿಯಬಹುದು. ಆದ್ದರಿಂದ ‘ಹೌದು’ ಎಂದು ಬಂದ ಪರೀಕ್ಷೆ ನರವನ್ನು ಬೊಟ್ಟು ಮಾಡಿ ತೋರಿಸುತ್ತದೆ. ಅದು ಎಲ್ಲಿ, ಏಕೆ ಒತ್ತಿಕೊಂಡಿದೆ ಎಂದು ಹೇಳುವುದಿಲ್ಲ. ಶಸ್ತ್ರಕ್ರಿಯೆ ಫಲಿಸುತ್ತದೆ ಎಂಬ ಭರವಸೆಯನ್ನಂತೂ ಕೊಡುವುದಿಲ್ಲ. ಸಂಶಯವಿದ್ದರೆ ಇನ್ನೊಂದು ದಿನ ಮತ್ತೊಮ್ಮೆ ಮಾಡಿ ನೋಡುವುದು ಲೇಸು.

ಹಾಗಾದರೆ ಇಷ್ಟೊಂದು ಮಿತಿಯ ಪರೀಕ್ಷೆ ಏಕೆ ಬೇಕು? ‘ಇಲ್ಲ’ ಎಂಬ ಉತ್ತರಕ್ಕೆ ಬಹಳ ಬೆಲೆಯಿರುವುದರಿಂದ. ಆ ಭಾಗವೆಲ್ಲ ಚೆನ್ನಾಗಿ ಮರಗಟ್ಟಿದರೂ ನೋವು ಕದಲದಿದ್ದರೆ, ಆ ನರವನ್ನು ಬಿಡಿಸುವ ಶಸ್ತ್ರಕ್ರಿಯೆಗೆ ಕೈಹಾಕಲು ಯಾವ ಆಧಾರವೂ ಉಳಿಯುವುದಿಲ್ಲ. ಒಂದು ಸೂಜಿ ಒಂದು ದೊಡ್ಡ ಗಾಯವನ್ನು ತಪ್ಪಿಸುತ್ತದೆ.

ಸೂಜಿಯ ಹಿಂದೆಯೇ ಶಸ್ತ್ರಕ್ರಿಯೆ ಬರಬೇಕೆಂದೂ ಇಲ್ಲ. ಸೈಕಲ್ ಬಿಡುವುದು, ನಡುವೆ ತೆರಪಿರುವ ದಿಂಬಿನ ಮೇಲೆ ಕೂರುವುದು, ಆಗಾಗ ಎದ್ದು ಓಡಾಡುವುದು, ಬಿಗಿದ ಸ್ನಾಯು ಸಡಿಲಿಸುವ ವ್ಯಾಯಾಮ, ನರದ ನೋವಿಗೇ ಮೀಸಲಾದ ಮಾತ್ರೆಗಳು – ಇವುಗಳಿಂದ ಸುಧಾರಿಸುವವರಿದ್ದಾರೆ. ಸೂಜಿಗೆ ಸ್ಟಿರಾಯ್ಡ್ ಬೆರೆಸಿದರೆ ಲಾಭ ಹೆಚ್ಚೆಂಬ ನಂಬಿಕೆಯಿತ್ತು. ೨೦೧೭ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನದಲ್ಲಿ ಬರಿಯ ಮರಗಟ್ಟಿಸುವ ಮದ್ದಿಗಿಂತ ಅದು ಮೇಲೆಂದು ಕಾಣಲಿಲ್ಲ. ಇವೆಲ್ಲ ಸೋತವರಿಗೆ ನರ ಬಿಡಿಸುವ ಶಸ್ತ್ರಕ್ರಿಯೆ. ೨೦೦೫ರಲ್ಲಿ ನಾಂತ್‌ನ ವೈದ್ಯರೇ ೩೨ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ವರ್ಷದ ಬಳಿಕ ಶಸ್ತ್ರಕ್ರಿಯೆಯಾದವರಲ್ಲಿ ೧೦೦ಕ್ಕೆ ೭೧ರಷ್ಟು ಜನರಿಗೆ ಗುಣ ಕಂಡಿತ್ತು. ಆಗದವರಲ್ಲಿ ೧೩ರಷ್ಟು ಜನರಿಗೆ. ಗುಂಪು ಚಿಕ್ಕದು, ಆದರೂ ಆಶಾದಾಯಕ. ಆದರೆ ಅವರು ಸಿಕ್ಕಸಿಕ್ಕವರನ್ನು ಮೇಜಿನ ಮೇಲೆ ಮಲಗಿಸಲಿಲ್ಲ. ಸೋಸಿ ಆರಿಸಿಕೊಂಡರು ಎಂಬುದನ್ನು ಮರೆಯಬಾರದು.

ಗರ್ಭಚೀಲಕ್ಕೆ ಬಿದ್ದ ಬರೆ

ಈಗ ಕಹಿ ಮಾತಿಗೆ ಬರೋಣ. ಗರ್ಭಚೀಲದ ನೋವು ಮೆದುಳಿಗೆ ಹೋಗುವ ದಾರಿ ಬೇರೆ, ಪುಡೆಂಡಲ್ ನರದ ದಾರಿ ಬೇರೆ. ಈ ನರದ ಉರಿಗೆ ಗರ್ಭಚೀಲ ತೆಗೆದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆಯೇ. ಸಿಸೇರಿಯನ್ ಅಥವಾ ಹರ್ನಿಯಾ ಗಾಯದ ಬಳಿ ಸಿಕ್ಕಿಬಿದ್ದ ಹೊಟ್ಟೆಗೋಡೆಯ ನರಕ್ಕೂ ಇದೇ ಮಾತು. ಮಲಗಿ ತಲೆ ಎತ್ತಿದಾಗ, ಒತ್ತಿದ ಜಾಗದ ನೋವು ಹೆಚ್ಚಾದರೆ ಅದು ಹೊಟ್ಟೆಯ ಒಳಗಿನದಲ್ಲ, ಗೋಡೆಯದಿರಬಹುದು ಎಂದು ಕಾರ್ನೆಟ್ ಎಂಬ ಶಸ್ತ್ರವೈದ್ಯ ೧೯೨೬ರಲ್ಲೇ ತಿಳಿಸಿದ್ದ. ಅಲ್ಲಿಯೂ ಒಂದು ಸೂಜಿ ಮದ್ದು ಅನುಮಾನ ಪರಿಹರಿಸಬಲ್ಲದು.

ನಮ್ಮ ರಾಜ್ಯದಲ್ಲಿ ಏನಾಯಿತು? ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಹೊಟ್ಟೆನೋವು, ಬಿಳಿಸೆರಗಿನಂಥ ದೂರುಗಳಿಗೇ ತೆಗೆದದ್ದು ೨೦೧೫ರಲ್ಲಿ ಬಯಲಾಗಿ ವಿಚಾರಣೆ ನಡೆಯಿತು. ಹೊನ್ನಾಳಿಯ ನೆರೆಯ ರಾಣೆಬೆನ್ನೂರು ತಾಲ್ಲೂಕಿನಲ್ಲೂ ಗರ್ಭಚೀಲ ಕಳೆದುಕೊಂಡ ನೂರಾರು ಹೆಣ್ಣುಮಕ್ಕಳು ಪರಿಹಾರ ಕೇಳಿ ಬೀದಿಗಿಳಿದರು. ದೇಶದ ಲೆಕ್ಕ ನೋಡಿದರೆ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ರ ವಯಸ್ಸಿನ ಹೆಂಗಸರಲ್ಲಿ ೧೦೦ಕ್ಕೆ ಮೂವರಿಗೂ ಹೆಚ್ಚು ಮಂದಿಗೆ ಈ ಶಸ್ತ್ರಕ್ರಿಯೆಯಾಗಿದೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ೨೦೨೩ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಸರ್ಕಾರ ೨೦೨೨ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಯೂ ಅದರಲ್ಲಿ ಸೇರಿದೆ.

ಇವರಲ್ಲಿ ಎಷ್ಟು ಮಂದಿಗೆ ನರದ ನೋವಿತ್ತು ಎಂದು ಯಾರೂ ಎಣಿಸಿಲ್ಲ. ಎಣಿಸದಿರುವುದೇ ನನ್ನ ತಕರಾರು. ನೋವು ಎಲ್ಲಿಂದ ಬರುತ್ತಿದೆ ಎಂದು ಕೇಳುವ ಮೊದಲೇ ಅಂಗವನ್ನು ಅಪರಾಧಿ ಮಾಡುವ ಅಭ್ಯಾಸ ಬೆಳೆದಿದೆ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ, ದೊಡ್ಡ ಗೆಡ್ಡೆ, ಕೆಳಜಾರಿದ ಗರ್ಭಕೋಶ ಇಂಥ ಕಾರಣಗಳಿಗೆ ಶಸ್ತ್ರಕ್ರಿಯೆ ಬೇಕಾಗಬಹುದು; ಅದನ್ನು ಯಾರೂ ತಡೆಯಬಾರದು. ಆದರೆ ಬರೀ ನೋವೆಂಬ ದೂರಿಗೆ, ಮೂವತ್ತರ ಹರೆಯದಲ್ಲಿ, ‘ಮಕ್ಕಳಾಗಿವೆಯಲ್ಲ, ಇನ್ನೇಕೆ’ ಎಂಬ ಮಾತಿಗೆ ತಲೆಯಾಡಿಸಿ ಗರ್ಭಚೀಲ ಕೊಟ್ಟುಬರುವುದು ಬೇರೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ಕಷ್ಟಗಳೆಲ್ಲ ಒಂದೇ ದಿನಕ್ಕೆ ಬಂದು ಮೂಳೆ ಸವೆಯುತ್ತದೆ, ಹೃದಯಕ್ಕೂ ಹೊರೆ.

ತಪ್ಪೆಲ್ಲ ವೈದ್ಯರದೇ ಎನ್ನಲಾಗದು. ‘ಏನಾದ್ರೂ ಮಾಡಿ, ತೆಗೆದುಬಿಡಿ ಡಾಕ್ಟ್ರೇ, ನಂಗೆ ನೋವು ಹೋದ್ರೆ ಸಾಕು’ ಎಂದು ಅಂಗಲಾಚುವವರು ನಾವೇ. ಬೇಸತ್ತ ರೋಗಿ, ಬಿಡುವಿಲ್ಲದ ವೈದ್ಯ, ದುಡ್ಡು ಹೊಂದಿಸಿಕೊಂಡು ಬಂದ ಗಂಡ, ಸುಗ್ಗಿಗೆ ಮುಂಚೆ ಮುಗಿದರಾಯಿತೆಂಬ ಅವಸರ – ಇವೆಲ್ಲ ಕೂಡಿ ಕತ್ತಿಯನ್ನು ಮುಂದಕ್ಕೆ ತಳ್ಳುತ್ತವೆ.

ನಾಲ್ಕು ತಾಲ್ಲೂಕಿಗೆ ಏನು ಬೇಕು

೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಈಚಿನ ತಾಲ್ಲೂಕು. ಇಲ್ಲಿಯವರ ಆಸ್ಪತ್ರೆಯ ದಾರಿ ಇಂದಿಗೂ ಕವಲೊಡೆದೇ ಇದೆ. ನ್ಯಾಮತಿಗೆ ಶಿವಮೊಗ್ಗ ಹತ್ತಿರ, ಜಗಳೂರಿಗೆ ದಾವಣಗೆರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ೧೯೬೫ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ನರ ಬಿಡಿಸುವ ಶಸ್ತ್ರಕ್ರಿಯೆ ಪ್ರತಿ ಊರಲ್ಲೂ ಆಗಬೇಕೆಂದು ಕೇಳುವುದು ಹುಚ್ಚುತನ; ಅದು ಪಳಗಿದ ಕೆಲವೇ ಕೈಗಳ ಕೆಲಸ. ಆದರೆ ಅರಿವಳಿಕೆ ತಜ್ಞ, ಅಲ್ಟ್ರಾಸೌಂಡ್ ಯಂತ್ರ, ಲಿಗ್ನೋಕೇನ್ ಬಾಟಲಿ ಇವು ಮೂರನ್ನೂ ಒಂದು ಕೋಣೆಗೆ ತರುವುದು ಜಿಲ್ಲಾ ಮಟ್ಟದ ಆಸ್ಪತ್ರೆಗೆ ಅಸಾಧ್ಯವಲ್ಲ. ವಾರಕ್ಕೊಂದು ದಿನ ನೋವಿನ ಹೊರರೋಗಿ ವಿಭಾಗ ನಡೆದರೆ, ಅದು ಯಾವ ದಿನ ಎಂದು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿದ್ದರೆ, ಆಶಾ ಕಾರ್ಯಕರ್ತೆಗೆ ಅದು ಗೊತ್ತಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತದೆ. ಸಂತೇಬೆನ್ನೂರು ಕಡೆಯ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಆ ದಿನ ಸಾರ್ಥಕವಾಗಬೇಕು.

‘ಸೂಜಿ ಪರೀಕ್ಷೆ ನೂರಕ್ಕೆ ನೂರು ನಿಜ ಹೇಳುವುದಿಲ್ಲ, ಮತ್ತೇಕೆ?’ ಎಂಬ ವಾದ ಬರಬಹುದು. ನೂರಕ್ಕೆ ನೂರು ಹೇಳದ ಪರೀಕ್ಷೆಗೂ ಏನನ್ನೂ ಕೇಳದೆ ಕೊಯ್ಯುವುದಕ್ಕೂ ಹೋಲಿಕೆ ಎಲ್ಲಿಯದು? ಮರಗಟ್ಟಿದ ನರ ಕೆಲವು ಗಂಟೆಯಲ್ಲಿ ಎಚ್ಚರಗೊಳ್ಳುತ್ತದೆ. ತೆಗೆದ ಗರ್ಭಚೀಲ ಮರಳುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಕಿಬ್ಬೊಟ್ಟೆ ಅಥವಾ ಗುಪ್ತಾಂಗದ ಹಳೆಯ ನೋವಿಗೆ ಶಸ್ತ್ರಕ್ರಿಯೆ ಎಂದು ಹೇಳಿದರೆ, ವಿನಯದಿಂದ ಆದರೆ ಅಳುಕದೆ ಕೇಳಿ: ಈ ನೋವು ಯಾವ ಅಂಗದ್ದು, ಯಾವ ನರದ್ದು? ಅದು ಹೇಗೆ ಖಚಿತವಾಯಿತು? ನರ ಮರಗಟ್ಟಿಸಿ ನೋಡಬಹುದೇ? ಔಷಧಿ, ವ್ಯಾಯಾಮ ಎಷ್ಟು ದಿನ ನೋಡಿದ್ದಾಯಿತು? ಶಸ್ತ್ರಕ್ರಿಯೆಯ ನಂತರವೂ ನೋವು ಉಳಿದರೆ ಮುಂದೇನು? ಇನ್ನೊಬ್ಬ ವೈದ್ಯರಿಗೆ ತೋರಿಸಲು ಕಾಗದಗಳನ್ನು ಕೊಡುತ್ತೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ.

ಇನ್ನು, ಕಾಯಬಾರದ ಸಂದರ್ಭಗಳೂ ಇವೆ. ಜ್ವರ, ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೇಗ ತೋರಿಸಬೇಕು. ಆ ಭಾಗ ಇದ್ದಕ್ಕಿದ್ದಂತೆ ಜೋಮು ಹಿಡಿದು ಮಲಮೂತ್ರದ ಹತೋಟಿ ತಪ್ಪಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಂಥ ಲಕ್ಷಣಗಳ ಹಿಂದೆ ಗೆಡ್ಡೆ, ಕ್ಷಯ, ಬೆನ್ನುಹುರಿಯ ಒತ್ತಡ ಅಡಗಿರಬಹುದು.

ಮನೆಯವರಿಗೆ ಕೊನೆಯದೊಂದು ಮಾತು. ಅತ್ತೆಯೋ ಸೊಸೆಯೋ ತಂದೆಯೋ ಊಟಕ್ಕೆ ಕೂರದೆ ನಿಂತೇ ಉಣ್ಣುತ್ತಿದ್ದರೆ, ಮದುವೆ ಮನೆಯಲ್ಲಿ ಪಂಕ್ತಿ ತಪ್ಪಿಸಿಕೊಳ್ಳುತ್ತಿದ್ದರೆ, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತಿದ್ದರೆ ಸೊಕ್ಕು, ನಖರಾ ಎನ್ನಬೇಡಿ. ‘ಕೂತರೆ ನೋವಾಗುತ್ತದೆಯೇ?’ ಎಂದು ಮೆಲ್ಲಗೆ ಕೇಳಿ. ಸರಿಯಾದ ಚಿಕಿತ್ಸೆ ಆ ಪ್ರಶ್ನೆಯಿಂದಲೇ ಮೊದಲಾಗುತ್ತದೆ.